ಅಕ್ಕನ ಪರವಾಗಿ

ರಬ್ಬರ್ ಚೀಲ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಉಸಿರಾಟದ ಯಂತ್ರವನ್ನು ಬಿಚ್ಚಿ, ಒರೆಸಿ, ಸವೆದ ಕವಾಟ ಬದಲಾಯಿಸಿ ಮತ್ತೆ ಜೋಡಿಸಿದ ಮೇಲೆ, ಅದನ್ನು ಮೇಲಿನ ವಾರ್ಡಿಗೆ ಕಳಿಸುವ ಮುನ್ನ ಅಂಗೈಯಗಲದ ಈ ಚೀಲಕ್ಕೆ ಹಚ್ಚಿ ಹತ್ತು ನಿಮಿಷ ನೋಡಬೇಕು. ಮನುಷ್ಯನ ಶ್ವಾಸಕೋಶದ ಬದಲಿಗೆ ಅದು. ನಿಮಿಷಕ್ಕೆ ಹದಿನಾಲ್ಕು ಸಲ. ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಎಣಿಸುವ ಅಗತ್ಯವೂ ಇರಲಿಲ್ಲ. ಬೇರೆ ಕಡೆ ನೋಡುತ್ತಿದ್ದರೂ ಹದಿಮೂರಾದರೆ ಕಿವಿಗೆ ಗೊತ್ತಾಗುತ್ತಿತ್ತು. ಇವತ್ತು ಮಾತ್ರ ಮೂರು ಸಲ ಎಣಿಸಿದರೂ ಮೂರು ಸಲವೂ ತಪ್ಪಿಹೋಯಿತು. ಒಂಬತ್ತಕ್ಕೆ ಬರುವಷ್ಟರಲ್ಲಿ, ನಾಲ್ಕು ಗಂಟೆಗೆ ಅಕ್ಕನ ಡಾಕ್ಟರ ಮುಂದೆ ಕೂತಾಗ ತನ್ನ ಮುಖ ಹೇಗಿರಬೇಕು ಎಂಬ ಯೋಚನೆ ಬಂದುಬಿಡುತ್ತಿತ್ತು. ಗಂಭೀರವಾಗಿರಬೇಕು, ಆದರೆ ಸೋತಂತೆ ಕಾಣಬಾರದು. ಇಂಥ ಹೊತ್ತಿನಲ್ಲೂ ಮುಖದ ಚಿಂತೆಯೇ ಎಂದು ತನಗೆ ತಾನೇ ನಾಚಿಕೊಂಡ. ಬೆಳಿಗ್ಗೆ ಇಸ್ತ್ರಿಯ ಅಂಗಿಯನ್ನೇ ಹುಡುಕಿ ಹಾಕಿಕೊಂಡಿದ್ದ. ಜೇಬಿನಲ್ಲಿ ಎರಡು ಪೆನ್ನು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಹೆಂಡತಿ ಅದನ್ನು ನೋಡಿಯೂ ಏನೂ ಅಂದಿರಲಿಲ್ಲ. ಎಲ್ಲದಕ್ಕೂ ಏನಾದರೂ ಅನ್ನುವವಳು ಇವತ್ತು ಸುಮ್ಮನಿದ್ದದ್ದು ಈಗ ನೆನಪಾಗಿ, ಅಂಗಿಯೊಳಗೆ ಸಿಕ್ಕಿಕೊಂಡ ಕೂದಲಿನ ಹಾಗೆ ಚುಚ್ಚತೊಡಗಿತು.

ಅಕ್ಕನಿಗೆ ಅರವತ್ತೆರಡು, ಅವನಿಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗದೆ, ನಗರಸಭೆಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವಳು. ಊರಿನ ಚರಂಡಿ, ನೀರಿನ ಕೊಳವೆ, ರಸ್ತೆಯ ತಿರುವು ಎಲ್ಲ ಅವಳ ಕೈಯಿಂದ ಕಾಗದಕ್ಕೆ ಇಳಿದವು. ಹೋದ ವರ್ಷ ಮೊದಲು ಬಲಗೈ ಹೆಬ್ಬೆರಳು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಆಮೇಲೆ ಮುಂಗೈ, ಎಡಗೈ, ಕಾಲು, ಈಗ ನಾಲಿಗೆ. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಒಣಗುವ ಕಾಯಿಲೆ, ಮದ್ದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುವಿಗೂ ಅದೇ ಗತಿ. ಡಾಕ್ಟರು ಹಾಗೆಂದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಯಾವುದಾದ ಮೇಲೆ ಯಾವುದು ಎಂದು. ಬುದ್ಧಿ ಮಾತ್ರ ಕಡೆಯವರೆಗೂ ಹಾಗೇ ಇರುತ್ತದಂತೆ. ಅದನ್ನು ಕೇಳಿ ಅವನಿಗೆ ಸಮಾಧಾನ ಆಗಬೇಕಿತ್ತೋ ಭಯ ಆಗಬೇಕಿತ್ತೋ ಇಂದಿಗೂ ತಿಳಿದಿಲ್ಲ. ಹೋದ ವಾರ ಅವಳೇ, ಮನೆಯಲ್ಲಿ ನೋಡಿಕೊಳ್ಳುವ ಹೆಂಗಸಿನಿಂದ ಫೋನು ಮಾಡಿಸಿ, ಒಂದೊಂದೇ ಪದ ನೂಕುತ್ತ ಹೇಳಿದಳು: ಬಾಯಿ ಪೂರ್ತಿ ಬೀಳುವ ಮೊದಲು ತನಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದಿಡಬೇಕು, ಗುರುವಾರ ನಾಲ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಬರಬೇಕು. ಇಬ್ಬರೂ ಎಂದದ್ದು ಏಳಿಸಿ ಕೂರಿಸಲು ಇನ್ನೊಬ್ಬ ಹೆಂಗಸು ಬೇಕಲ್ಲ ಎಂದಿರಬೇಕು ಎಂದುಕೊಂಡ. ಅಂಥ ಕಾಗದಗಳನ್ನು ಅವನು ವಾರ್ಡುಗಳಲ್ಲಿ ನೋಡಿ ಬಲ್ಲ. ಅದರಲ್ಲಿ ಒಂದು ಕಡೆ, ರೋಗಿಗೆ ಮಾತಾಡಲು ಆಗದಿದ್ದಾಗ ರೋಗಿಯ ಪರವಾಗಿ ಮಾತಾಡುವವರು ಯಾರು ಎಂದು ಬರೆಯಬೇಕು. ಅವನಲ್ಲದೆ ಇನ್ಯಾರು? ವಾರವಿಡೀ ಆ ಭಾರ ಎದೆಯ ಮೇಲೆ ಕೂತಿತ್ತು. ಜೊತೆಗೆ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಹೆಮ್ಮೆಯೂ ಕೂತಿತ್ತು.

ಚೀಲ ಉಬ್ಬಿತು. ಹನ್ನೊಂದು ವರ್ಷದ ಹಿಂದೆ ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಅಪ್ಪನಿಗೆ ಹಚ್ಚಿದ್ದ ಯಂತ್ರವನ್ನು ಅವನೇ ಹಿಂದಿನ ವಾರ ಸರಿಮಾಡಿ ಕಳಿಸಿದ್ದ. ಅದರ ಎಡಗಾಲಿನ ಚಕ್ರ ಸ್ವಲ್ಪ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಡಲು ಮರೆತಿದ್ದ. ಅಪ್ಪನ ಕೈ ನಡುಗತೊಡಗಿದ ಮೇಲೆ ವಾರಕ್ಕೆರಡು ಸಲ ಅವನೇ ಗಡ್ಡ ಮಾಡುತ್ತಿದ್ದ. ಕೆನ್ನೆ ತುಂಬ ಸೋಪಿನ ನೊರೆ, ಕನ್ನಡಿಯಲ್ಲೇ ಮಗನ ಕಣ್ಣನ್ನು ನೋಡುತ್ತ ಅಪ್ಪ ಒಂದು ದಿನ ಅಂದಿದ್ದರು, "ನೋಡಪ್ಪಾ, ನಿನ್ನ ಮಿಷನ್ನಿಗೆ ನನ್ನನ್ನ ಮಾತ್ರ ಕಟ್ಟಿ ಹಾಕಬೇಡ." ಅವನು ನಕ್ಕು, ಸುಮ್ಮನಿರಿ, ಗಲ್ಲ ಕುಯ್ದೀತು ಎಂದಿದ್ದ. ಅಪ್ಪನೂ ನಕ್ಕಿದ್ದರು. ಆದರೆ ನಕ್ಕಾದ ಮೇಲೂ ಕನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. ಅದಾಗಿ ಒಂದು ತಿಂಗಳಿಗೆ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ಡಾಕ್ಟರು ಅವನನ್ನೂ ಅಕ್ಕನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಂಥ ಪರಿಸ್ಥಿತಿ ಬಂದರೆ ಏನು ಮಾಡಬೇಕೆಂದು ನಿಮ್ಮ ತಂದೆ ಯಾವತ್ತಾದರೂ ಏನಾದರೂ ಹೇಳಿದ್ದರೇ ಎಂದು ಕೇಳಿದರು. ನೆಲದ ಹಾಸುಗಲ್ಲಿನಲ್ಲಿ ಒಂದು ಬಿರುಕಿತ್ತು. ಅದನ್ನೇ ನೋಡುತ್ತ ಅವನು ಇಲ್ಲ ಎಂದ. ಆಮೇಲೆ ಹತ್ತೊಂಬತ್ತು ದಿನ. ಗಂಟೆಗೊಮ್ಮೆ ಮೇಲೆ ಹೋಗಿ ಯಂತ್ರದ ಒತ್ತಡ ನೋಡಿ, ಗಾಳಿಯ ಅಳತೆ ನೋಡಿ, ಎಲ್ಲ ಸರಿ ಇದೆ ಎಂದು ಕೆಳಗೆ ಬರುತ್ತಿದ್ದ. ಗಂಟಲಿನ ಕೊಳವೆ ಕಿತ್ತುಕೊಳ್ಳಲು ಹೋಗುತ್ತಾರೆಂದು ಅಪ್ಪನ ಎರಡೂ ಮಣಿಕಟ್ಟನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಅದನ್ನೂ ನೋಡುತ್ತಿದ್ದ, ನೋಡದ ಹಾಗೆ. ಒಬ್ಬ ನರ್ಸು ಇನ್ನೊಬ್ಬಳಿಗೆ, ಮಗ ಅಂದರೆ ಹೀಗಿರಬೇಕು ಅಂದದ್ದು ಕಿವಿಗೆ ಬಿದ್ದಿತ್ತು. ಆಸ್ಪತ್ರೆಯವರು ತಮಾಷೆಗೆ ಇಟ್ಟ 'ಮಿಷನ್ ಡಾಕ್ಟರ್' ಎಂಬ ಹೆಸರನ್ನು ಅಪ್ಪ ನೆರೆಹೊರೆಯವರಿಗೆ ಹೇಳುವಾಗ ಮೊದಲಿನ ಅರ್ಧವನ್ನು ನುಂಗಿಬಿಡುತ್ತಿದ್ದರು. ಅಂಥ ಅಪ್ಪ.

ಡಾಕ್ಟರ ಕ್ಲಿನಿಕ್ಕಿಗೆ ಅವನು ಬರುವ ಹೊತ್ತಿಗೆ ಹೆಂಡತಿ ಬಸ್ ಡಿಪೋದಿಂದ ನೇರವಾಗಿ ಬಂದು, ಗಾಲಿಕುರ್ಚಿಯಲ್ಲಿದ್ದ ಅಕ್ಕನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಡಿಪೋದ ವಿಚಾರಣೆಯ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವಳು ಅವಳು. ಓಡಿ ಬಂದವರಿಗೆ, ಮಗು ಎತ್ತಿಕೊಂಡವರಿಗೆ, ಬೇಡಿಕೊಂಡವರಿಗೆ, ಗದರಿದವರಿಗೆ, ಎಲ್ಲರಿಗೂ ಒಂದೇ ದನಿಯಲ್ಲಿ "ಹೋಯ್ತು, ಇನ್ನಿಲ್ಲ" ಎಂದು ಹೇಳಬಲ್ಲವಳು. ಅಕ್ಕನಿಗೂ ಅವಳಿಗೂ ಮೂವತ್ತು ವರ್ಷದ ಶೀತಲ ಮರ್ಯಾದೆ. ಮದುವೆಯಾಗಿ ಬಂದ ಮೊದಲ ವಾರ ಅವಳು ತೊಳೆದಿಟ್ಟ ಲೋಟಗಳನ್ನು ಅಕ್ಕ ಮಾತಿಲ್ಲದೆ ಮತ್ತೊಮ್ಮೆ ತೊಳೆದಿದ್ದಳು, ಅಷ್ಟೆ. ಜಗಳವೇ ಆಗದ ಕಾರಣ ರಾಜಿಯೂ ಆಗಿರಲಿಲ್ಲ. ಅಕ್ಕ ಮನೆಗೆ ಬಂದಾಗಲೆಲ್ಲ ಹೆಂಡತಿ ಲೋಟವನ್ನು ಅವಳ ಕಣ್ಣೆದುರೇ ಎರಡು ಸಲ ತೊಳೆದು ನೀರು ಕೊಡುತ್ತಿದ್ದಳು. ಈಗ ಆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದುದು ಅವನಿಗೆ ವಿಚಿತ್ರವೆನಿಸಿತು. ತಾನು ಬಂದದ್ದರಿಂದ ಏನೋ ಮಾತು ಅರ್ಧಕ್ಕೆ ನಿಂತಿತು ಎಂದೂ ಅನಿಸಿತು.

ಡಾಕ್ಟರು ಹೆಂಗಸು, ಅವನಿಗಿಂತ ಚಿಕ್ಕವರು. ಕುರ್ಚಿಯನ್ನು ಮೇಜಿನ ಆಚೆಯಿಂದ ಈಚೆಗೆ ಎಳೆದುಕೊಂಡು ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತು, ಆತುರವಿಲ್ಲದೆ ಒಂದೊಂದೇ ಕೇಳುತ್ತ ಹೋದರು. ಉಸಿರು ಕಷ್ಟವಾದಾಗ ಮುಖಕ್ಕೆ ಮಾಸ್ಕು ಹಾಕಬಹುದೇ? ಹಾಯೆನಿಸುವ ತನಕ ಹಾಕಬಹುದು. ಗಂಟಲಿಗೆ ಟ್ಯೂಬು? ಬೇಡ. ಕತ್ತಿನಲ್ಲಿ ರಂಧ್ರ? ಬೇಡ. ಹೃದಯ ನಿಂತರೆ ಎದೆ ಒತ್ತುವುದು? ಬೇಡ. ಉಸಿರಿನ ಒದ್ದಾಟ ಕಡಿಮೆ ಮಾಡುವ ಔಷಧಿ, ಅದರಿಂದ ಮಂಪರು ಬಂದರೂ? ಅದು ಬೇಕು, ಧಾರಾಳವಾಗಿ ಬೇಕು. ಅಕ್ಕನ ಮಾತು ಬಾಯಲ್ಲಿ ಹತ್ತಿ ಇಟ್ಟುಕೊಂಡವರ ಮಾತಿನ ಹಾಗಿತ್ತು. ಡಾಕ್ಟರಿಗೆ ಅರ್ಥವಾಗದ ಕಡೆ ಹೆಂಡತಿ ಅದನ್ನೇ ಮತ್ತೆ ಹೇಳುತ್ತಿದ್ದಳು, ಒಂದಕ್ಷರ ಕೂಡಿಸದೆ, ಕಳೆಯದೆ. ಗಾಜಿನಾಚೆ, ಇಂಜಿನ್ನುಗಳ ಸದ್ದಿನ ನಡುವೆ, ಹಲ್ಲಿಲ್ಲದವರ ಊರಿನ ಹೆಸರು ಹಿಡಿಯುವ ಕಿವಿ ಅದು. ಅವನಿಗೆ ಎಷ್ಟೋ ಕಡೆ ಅರ್ಥವಾಗಿರಲಿಲ್ಲ. ಅದು ಹೊರಗೆ ಕಾಣಬಾರದೆಂದು ತಲೆಯಾಡಿಸುತ್ತಿದ್ದ. ಟ್ಯೂಬಿನ ಮಾತು ಬಂದಾಗ ತಡೆಯಲಾರದೆ, ಈಗಿನ ಯಂತ್ರಗಳು ಮೊದಲಿನ ಹಾಗಲ್ಲ, ರೋಗಿಯ ಉಸಿರನ್ನೇ ಅನುಸರಿಸುತ್ತವೆ, ಮನೆಯಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ಇರುವವರಿದ್ದಾರೆ, ತಾನೇ ಬಂದು ನೋಡಿಕೊಳ್ಳಬಹುದು ಎಂದು ಶುರುಮಾಡಿದ. ಎದುರಿನಿಂದ ಲಾರಿ ಬಂದರೆ ರಸ್ತೆ ಬದಿ ನಿಲ್ಲುವ ಹಾಗೆ ಅಕ್ಕ ಅವನ ಮಾತು ದಾಟಿ ಹೋಗುವವರೆಗೆ ಕಾದಳು. ಡಾಕ್ಟರು ಮಾತ್ರ ಪೂರ್ತಿ ಕೇಳಿಸಿಕೊಂಡು, ಅವರು ಹೇಳುತ್ತಿರುವುದು ನಿಜ, ಅದೂ ಒಂದು ದಾರಿ, ಎಷ್ಟೋ ಜನ ಅದನ್ನು ಆರಿಸಿಕೊಂಡು ಚೆನ್ನಾಗಿಯೇ ಇದ್ದಾರೆ, ನಿಮಗೆ ಬೇಕೇ ಎಂದು ಅಕ್ಕನನ್ನು ಮತ್ತೆ ಕೇಳಿದರು. ಅಕ್ಕ ಬೇಡ ಎಂದಳು. ಆಮೇಲೆ, "ಇನ್ನೊಂದು ಬರೀರಿ. ಏನೇ ಆದರೂ ನನ್ನ ಕೈ ಕಟ್ಟಬಾರದು."

ಅದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ. ಡಾಕ್ಟರು ಅಂಚಿನಲ್ಲಿ ಬರೆದರು. ಅವನಿಗೆ ಎರಡೂ ಕಿವಿ ಬಿಸಿಯಾದವು.

ನಿಮ್ಮ ಪರವಾಗಿ ಮಾತಾಡುವವರು ಯಾರು ಎಂದು ಡಾಕ್ಟರು ಕೇಳಿದಾಗ ಅವನ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಅಕ್ಕ ಗದ್ದ ಎತ್ತಿ ಹೆಂಡತಿಯತ್ತ ತೋರಿಸಿದಳು. ಬೆನ್ನಿನ ದಿಂಬು ಸರಿಮಾಡಲು ಕರೆಯುತ್ತಿದ್ದಾಳೆ ಎಂದುಕೊಂಡ. ಹೆಂಡತಿ ಏಳಲಿಲ್ಲ. ನಿಮಗೇನಾಗಬೇಕು ಎಂದು ಡಾಕ್ಟರು ಕೇಳಿದರು, ತಮ್ಮನ ಹೆಂಡತಿ ಎಂದು ಅವಳೇ ಹೇಳಿದಳು, ಡಾಕ್ಟರು ಬರೆದರು. ಆ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಅವನು ಎರಡು ಪೆನ್ನು ಜೇಬಿಗಿಟ್ಟುಕೊಂಡಾಗಲೂ ಗೊತ್ತಿತ್ತು. ಸಾಕ್ಷಿಯ ಸಹಿ ಎಂದಾಗ, ಬಿದ್ದವನು ಬೇಲಿ ಹಿಡಿದ ಹಾಗೆ ಅವನು ಮುಂದೆ ಬಾಗಿದ. ಸಾಕ್ಷಿಗೆ ಹೊರಗಿನವರೇ ಆಗಬೇಕು, ಸಂಬಂಧಿಕರು ಬರುವುದಿಲ್ಲ ಎಂದು ಡಾಕ್ಟರು ಮೃದುವಾಗಿ ಹೇಳಿದರು. ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯೂ ದಾಖಲೆ ವಿಭಾಗದ ಗುಮಾಸ್ತರೂ ಬಂದು ನಿಂತರು. ನಾಲ್ಕು ಪುಟದ ಆ ಕಾಗದದಲ್ಲಿ ಅವನಿಗೆಂದು ಒಂದು ಗೆರೆಯೂ ಇರಲಿಲ್ಲ. ಗುಮಾಸ್ತರ ಪೆನ್ನು ಬರೆಯಲಿಲ್ಲ. ಅವನ ಪೆನ್ನನ್ನೇ ಇಸಿದುಕೊಂಡು ಸಹಿ ಹಾಕಿದರು.

ಅಕ್ಕ ಸಹಿ ಹಾಕುವುದು ಬಾಕಿಯಿತ್ತು. ಹೆಬ್ಬೆಟ್ಟಿನ ಗುರುತು ಸಾಕು ಎಂದು ಗುಮಾಸ್ತರು ಶಾಯಿಯ ಡಬ್ಬಿ ತೆರೆದರು. ಅಕ್ಕ ಅದನ್ನು ನೋಡಿದ ನೋಟಕ್ಕೆ ಡಬ್ಬಿ ಮುಚ್ಚಿದರು. ಪೆನ್ನನ್ನು ಅವಳ ಬೆರಳುಗಳ ಸಂದಿಗೆ ಹೆಂಡತಿ ಸಿಕ್ಕಿಸಿ, ಮೊಣಕೈಯ ಕೆಳಗೆ ತನ್ನ ಅಂಗೈ ಇಟ್ಟಳು. ನಾಲ್ಕು ನಿಮಿಷ ಆಯಿತು. ಒಂದು ಕಾಲದಲ್ಲಿ ಅಡಿಪಟ್ಟಿ ಇಲ್ಲದೆ ನೇರ ಗೆರೆ ಎಳೆದು ಅವನನ್ನು ಬೆರಗುಗೊಳಿಸುತ್ತಿದ್ದ ಕೈ, ಈಗ ಒಂದಕ್ಷರದಿಂದ ಇನ್ನೊಂದಕ್ಕೆ ಹೋಗಲು ಹೊಳೆ ದಾಟುವಷ್ಟು ಕಷ್ಟಪಡುತ್ತಿತ್ತು. ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು. ಅವನು ಮಾತ್ರ ಗೋಡೆ ನೋಡುತ್ತಿದ್ದ. ನೋಡಬೇಕಾದ್ದನ್ನು ಬಿಟ್ಟು ಬೇರೆಲ್ಲೋ ನೋಡುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಹೆಂಡತಿ ಟ್ಯಾಕ್ಸಿ ತರಲು ಹೋದಾಗ, ಇಳಿಜಾರಿನ ಹತ್ತಿರ ಗಾಲಿಕುರ್ಚಿಯ ಹಿಡಿ ಹಿಡಿದು ನಿಂತವನು, ಅಕ್ಕನ ಮುಖ ಕಾಣಿಸದಿದ್ದುದರ ಧೈರ್ಯದಲ್ಲಿ ಬಾಯಿ ತೆರೆದ.

"ನನಗೆ ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ನೀನು ಬರ್ತಿರಲಿಲ್ಲ."

"ಇಪ್ಪತ್ತೊಂಬತ್ತು ವರ್ಷ ಇದರಲ್ಲೇ ಇದ್ದೀನಿ, ಅಕ್ಕ. ನನಗಿಂತ ಅವಳಿಗೆ ಜಾಸ್ತಿ ಗೊತ್ತಾ?"

"ನಿನಗೆ ಶುರು ಮಾಡೋದು ಗೊತ್ತು ಕಣೋ," ಎಂದಳು ಅಕ್ಕ. ಆ ಐದು ಪದಕ್ಕೆ ಮೂರು ಸಲ ಉಸಿರೆಳೆದುಕೊಂಡಳು.

ಅವನು ಕುರ್ಚಿಯನ್ನು ಸುತ್ತಿ ಬಂದು ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ಹಾಗೆ ಕೂತಾಗ ಮೊಣಕಾಲು ಲಟಕ್ಕೆಂದಿತು, ಹಾದುಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ಹನ್ನೊಂದು ವರ್ಷ ಯಾರ ಮುಂದೆಯೂ ಹೊರಬರದಿದ್ದ ಮಾತು, ಇಂಥ ಒಂದು ಸಣ್ಣ ಅವಮಾನದ ಹಿಂದೆಯೇ, ಬಾಗಿಲು ಕಾಯುವವರಿಲ್ಲವೆಂದು ಕಂಡ ದನದ ಹಾಗೆ ಹೊರಗೆ ಬಂದುಬಿಟ್ಟಿತು. "ಅಪ್ಪ ನನಗೆ ಹೇಳಿದ್ದರು. ಮಿಷನ್ನಿಗೆ ಹಾಕಬೇಡ ಅಂತ. ಡಾಕ್ಟರು ಕೇಳಿದಾಗ ನಾನು ಇಲ್ಲ ಅಂದೆ."

ಅಕ್ಕನ ತುಟಿಯ ಕೊನೆಯಿಂದ ಜೊಲ್ಲು ಇಳಿಯಿತು, ಅವನು ಕರವಸ್ತ್ರದಿಂದ ಒರೆಸಿದ. ಕೊನೆಗೆ ಅವಳು ಅಂದದ್ದು ಅವನಿಗೆ ಸರಿಯಾಗಿ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದನ್ನು ನಂಬಲಾಗಲಿಲ್ಲ. ಅವಳು ಅಕ್ಷರ ಬಿಡಿಸಿ ಮತ್ತೆ ಹೇಳಿದಳು.

"ನನಗೂ ಹೇಳಿದ್ದರು."

ಟ್ಯಾಕ್ಸಿಗಳು ಬಂದು ಹೋಗುತ್ತಿದ್ದವು. ಅಕ್ಕ ನಿಲ್ಲಿಸಿ ನಿಲ್ಲಿಸಿ ಹೇಳಿದ್ದನ್ನು ಅವನು ಒಂದೂ ಬಿಡದೆ ಕೇಳಿದ. ಅವತ್ತು ಮಾತ್ರ ಅವಳ ಒಂದು ಪದವೂ ಅವನಿಗೆ ತಪ್ಪಲಿಲ್ಲ. ಡಾಕ್ಟರು ಕೇಳಿದಾಗ ತಮ್ಮ ಹೇಳಲಿ ಎಂದು ಅವಳು ಕಾದಿದ್ದಳು. ಅವನು ಇಲ್ಲ ಅಂದ. ಹಾಗಾದರೆ ತಾನೂ ಇಲ್ಲ ಅನ್ನಬಹುದು ಅನಿಸಿತು. "ಆಗ ಹಾಯೆನಿಸಿತು ಕಣೋ ನನಗೆ. ಆ ಹಾಯನ್ನ ನಾನು ಮರೆತಿಲ್ಲ." ಅಪ್ಪನ ಮೇಲಿನ ಪ್ರೀತಿಗೆ ಹಿಡಿದಿಟ್ಟುಕೊಂಡದ್ದಲ್ಲ, ಬಿಟ್ಟುಬಿಡಿ ಎಂದು ಬಾಯಿಂದ ಹೇಳುವ ಹೆದರಿಕೆಗೆ ಎಂದಳು. ಇಬ್ಬರೂ ಒಂದೇ ಅಚ್ಚು. ಅದಕ್ಕೇ ಹೊರಗಿನಿಂದ ಬಂದವಳನ್ನು ಕೇಳಿದ್ದು. "ಅವಳಿಗೆ ನನ್ನ ಮೇಲೆ ಅಂಥ ಪ್ರೀತಿ ಏನಿಲ್ಲ. ಕೊಟ್ಟ ಮಾತು ಇರುತ್ತೆ. ನನಗೆ ಅಷ್ಟು ಸಾಕು."

ಆಮೇಲಿನ ಐದು ತಿಂಗಳಲ್ಲಿ ಅಕ್ಕನ ಈ ಎಣಿಕೆ ಹುಸಿಯಾಯಿತು. ಕಾಗದದಲ್ಲಿರುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಹೆಂಡತಿ ಮೊದಲು ಭಾನುವಾರ ಮಾತ್ರ ಹೋಗುತ್ತಿದ್ದಳು, ಆಮೇಲೆ ಡಿಪೋ ಬಿಟ್ಟು ಬರುವಾಗ ವಾರದ ನಡುವೆಯೂ. ಎಲ್ಲದಕ್ಕೂ ಉದಾಹರಣೆ ಕೇಳುತ್ತಿದ್ದಳಂತೆ: ಹೀಗಾದರೆ? ಹಾಗಾದರೆ? ಅರ್ಧ ಪ್ರಜ್ಞೆ ಇದ್ದರೆ? ಡಾಕ್ಟರು ಒಂದೇ ದಿನದ ಮಟ್ಟಿಗೆ ಟ್ಯೂಬು ಹಾಕುತ್ತೇನೆ ಅಂದರೆ? ಅಕ್ಕನ ಮಾತು ನಿಂತ ಮೇಲೆ ಅಕ್ಷರಗಳ ಹಲಗೆ ಇಟ್ಟುಕೊಂಡು, ಹೆಂಡತಿ ಒಂದೊಂದೇ ಸಾಲು ತೋರಿಸುತ್ತ, ಅಕ್ಕ ರೆಪ್ಪೆ ಮಿಟುಕಿಸುತ್ತ ಮಾತು ಕಟ್ಟುತ್ತಿದ್ದರು. ಒಂದು ಸಂಜೆ ಅವನು ಬಾಗಿಲ ಹತ್ತಿರ ಬಂದಾಗ ಒಳಗೆ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ಮೂವತ್ತು ವರ್ಷದಲ್ಲಿ ಅಷ್ಟು ನಕ್ಕದ್ದನ್ನು ಅವನು ಕೇಳಿರಲಿಲ್ಲ. ಏನೆಂದು ಕೇಳಿದರೆ ಕಣ್ಣೊರೆಸಿಕೊಳ್ಳುತ್ತ, ಲೋಟ ಸರಿಯಾಗಿ ತೊಳೆದಿರಲಿಲ್ಲ ನೀನು ಅಂತ ಅಕ್ಕ ಹಲಗೆ ಮೇಲೆ ಹೇಳಿದರು, ಅದಕ್ಕೆ ಹತ್ತು ನಿಮಿಷ ತೆಗೆದುಕೊಂಡರು ಎಂದಳು. ಅವನೂ ನಕ್ಕ. ತನ್ನ ಅಕ್ಕ, ತನ್ನ ಹೆಂಡತಿ. ಇಬ್ಬರ ನಡುವಿನ ಹೊಸ್ತಿಲಿನಲ್ಲಿ ತಾನು ನೆಂಟನಂತೆ ಚಪ್ಪಲಿ ಬಿಡುತ್ತಿದ್ದೇನೆ. ಸಾಯುವವಳ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ತನ್ನನ್ನೇ ಹಂಗಿಸಿಕೊಂಡ.

ಒಂದು ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಹೆಂಡತಿಯ ಫೋನು ಬಂತು. ಕಫ ಕಟ್ಟಿ ಉಸಿರು ಸಿಗದೆ ಅಕ್ಕ ನೀಲಿಗಟ್ಟಿದ್ದಾಳೆ, ನೋಡಿಕೊಳ್ಳುವ ಹೆಂಗಸು ಹೆದರಿ ಆಂಬುಲೆನ್ಸ್ ಕರೆಸಿ ಹತ್ತಿರದ ಆಸ್ಪತ್ರೆಗೆ ಹಾಕಿದ್ದಾಳೆ, ತಾನು ಹೊರಟಿದ್ದೇನೆ, ಕಾಗದ ಕೈಚೀಲದಲ್ಲಿದೆ. ಅದು ಅವನು ಕೆಲಸ ಮಾಡುವ ಆಸ್ಪತ್ರೆಯಲ್ಲ. ಅಲ್ಲಿ ಅವನು ಯಾರೋ ಒಬ್ಬ. ತುರ್ತು ವಿಭಾಗದ ಪರದೆ ಸರಿಸಿದಾಗ ಮೊದಲು ಕಂಡದ್ದು ಮಂಚದ ಪಕ್ಕದ ಯಂತ್ರ, ಅವನು ನೂರು ಸಲ ಬಿಚ್ಚಿ ಜೋಡಿಸಿದ ಮಾದರಿಯೇ. ಆಮೇಲೆ ಅಕ್ಕ. ಮಾಸ್ಕು ಹಾಕಿದ್ದರು, ಅದು ಸಾಲುತ್ತಿರಲಿಲ್ಲ. ಕೊರಳ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ಕಣ್ಣು ತೆರೆದಿತ್ತು. ಕೈಯಲ್ಲಿ ಕೊಳವೆ ಹಿಡಿದ ಎಳೆಯ ಡಾಕ್ಟರ ಎದುರು ಹೆಂಡತಿ ಕಾಗದ ಚಾಚಿ ನಿಂತಿದ್ದಳು.

"ಬೇಡ ಅಂತ ಇದರಲ್ಲಿದೆ," ಎನ್ನುತ್ತಿದ್ದಳು. ದನಿ ನಡುಗುತ್ತಿತ್ತು. ಕಿಟಕಿಯ ಹಿಂದಿನ ಆ ದನಿ ಎಲ್ಲಿ ಹೋಯಿತೆಂದು ಅವನಿಗೆ ಗಾಬರಿಯಾಯಿತು. ಮಾತಿಗಷ್ಟೇ ಕಟ್ಟುಬಿದ್ದವಳೆಂದು ಅಕ್ಕ ಆರಿಸಿದವಳು, ಈ ಐದು ತಿಂಗಳಲ್ಲಿ ಹೊರಗಿನವಳಾಗಿ ಉಳಿದಿರಲಿಲ್ಲ. ಆ ನಡುಕ ಡಾಕ್ಟರಿಗೂ ಕೇಳಿಸಿತು. ಅವರು ಅವಳ ಭುಜದ ಮೇಲಿಂದ ಅವನನ್ನು ನೋಡಿದರು.

"ನೀವು ಸ್ವಂತ ತಮ್ಮ ಅಲ್ವಾ ಸರ್? ನೀವೇನಂತೀರಿ? ಹೊತ್ತಿಲ್ಲ. ಈಗ ಹಾಕಿದರೆ ಉಳೀತಾರೆ."

ಹಾಕಿ. ಎರಡಕ್ಷರ. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಹೇಳುವುದೂ ಬೇಕಿರಲಿಲ್ಲ, ತಲೆಯಾಡಿಸಿದರೆ ಸಾಕಿತ್ತು, ಸುಮ್ಮನಿದ್ದರೂ ಸಾಕಿತ್ತೇನೋ. ಯಾರೂ ತಪ್ಪೆನ್ನುತ್ತಿರಲಿಲ್ಲ, ತಮ್ಮ ಅಂದರೆ ಹೀಗಿರಬೇಕು ಎನ್ನುತ್ತಿದ್ದರು. ಅವನ ಬಲಗೈಗೆ ಆ ಯಂತ್ರದ ಯಾವ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿಯೂ ಗೊತ್ತಿತ್ತು. ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಅವಳ ಎರಡೂ ಕಣ್ಣು ಅವನ ಹೆಂಡತಿಯ ಮೇಲೆ ನೆಟ್ಟಿದ್ದವು, ದಾಟಬೇಕಾದ ರಸ್ತೆಯ ಅಂಚಿನಲ್ಲಿ ದೊಡ್ಡವರ ಕೈ ಹುಡುಕುವ ಮಗುವಿನ ಹಾಗೆ. ಆ ನೋಟದಲ್ಲಿ ತನಗೆ ಜಾಗವಿಲ್ಲದ್ದು ಈ ಸಲ ಅವಮಾನವೆನಿಸಲಿಲ್ಲ. ನೋವಾಯಿತು, ಅಷ್ಟೆ.

"ನನ್ನನ್ನ ಕೇಳಬೇಡಿ," ಎಂದ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ಅವರನ್ನ ಕೇಳಿ. ಅವರು ಹೇಳಿದ್ದೇ ನಮ್ಮಕ್ಕನ ಮಾತು."

ಹೆಂಡತಿಯನ್ನು 'ಅವರು' ಎಂದದ್ದು ಎಷ್ಟೋ ದಿನದ ಮೇಲೆ ಅವನಿಗೆ ಹೊಳೆಯಿತು. ಆಗ ಕಂಡದ್ದು ಅವಳ ಭುಜ ಒಂದಿಷ್ಟು ಇಳಿದದ್ದು. ಅವಳು ಡಾಕ್ಟರ ಕಡೆ ತಿರುಗಿ, ಕೊನೆಯ ಬಸ್ಸು ಹೋಯಿತೆಂದು ಹೇಳುವವಳ ಹಾಗೆ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. "ಟ್ಯೂಬ್ ಬೇಡ. ಎದೆ ಒತ್ತೋದೂ ಬೇಡ. ಈ ಒದ್ದಾಟ ನಿಲ್ಲಬೇಕು. ಅದಕ್ಕೆ ಔಷಧಿ ಕೊಡಬೇಕು ಅಂತ ಮೂರನೇ ಪುಟದಲ್ಲಿದೆ, ಅವರ ಡಾಕ್ಟರ ನಂಬರೂ ಇದೆ. ಅದನ್ನ ಈಗಲೇ ಕೊಡಿ."

ಎಳೆಯ ಡಾಕ್ಟರು ಓದಿದರು, ಅಕ್ಕನ ಡಾಕ್ಟರಿಗೆ ಫೋನು ಮಾಡಿದರು, ಕೊಳವೆಯನ್ನು ಟ್ರೇಗೆ ಹಾಕಿದರು. ಸೂಜಿಮದ್ದು ಹೋದ ಕಾಲು ಗಂಟೆಗೆ ಕೊರಳ ಗುಳಿಯ ಎಳೆತ ಕಡಿಮೆಯಾಯಿತು, ಹಣೆಯ ಗಂಟು ಬಿಚ್ಚಿತು. ಸಂಜೆಗೆ ಪಕ್ಕದ ಒಂದು ಸಣ್ಣ ಕೋಣೆಗೆ ಸಾಗಿಸಿದರು. ಅಲ್ಲಿ ಒಂದು ಕಿಟಕಿ, ಎರಡು ಕುರ್ಚಿ, ಒಂದು ಮಂಚ. ಯಂತ್ರವಿರಲಿಲ್ಲ. ಅಂಥ ಕೋಣೆಯಲ್ಲಿ ಎಲ್ಲಿ ನೋಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮುಳ್ಳಿಲ್ಲ, ಅಂಕಿಯಿಲ್ಲ, ಹಸಿರು ದೀಪವಿಲ್ಲ. ಬೇರೆ ಗತಿಯಿಲ್ಲದೆ ಅಕ್ಕನನ್ನು ನೋಡಿದ. ಎಡ ಹುಬ್ಬಿನ ಮೇಲೆ ಒಂದು ಮಾಸಿದ ಗಾಯದ ಗುರುತಿತ್ತು, ಯಾವಾಗಿನದೋ. ನಡುಬೆರಳಿನ ಪಕ್ಕದಲ್ಲಿ ಪೆನ್ಸಿಲು ಒತ್ತಿ ಒತ್ತಿ ಆದ ಗಡುಸು, ಕೈ ಕೆಲಸ ಬಿಟ್ಟು ಒಂದೂವರೆ ವರ್ಷವಾದರೂ ಪೂರ್ತಿ ಕರಗಿರಲಿಲ್ಲ. ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಕೂತ. ಅವಳ ಕೈ ಹಾಸಿಗೆಯ ಮೇಲೆ ಬಿಡುಬೀಸಾಗಿ ಬಿದ್ದಿತ್ತು. ಎರಡು ದಿನ ಹಾಗೇ, ಅವನೂ ಹೆಂಡತಿಯೂ ಸರದಿಯಲ್ಲಿ, ಕೆಲವೊಮ್ಮೆ ಇಬ್ಬರೂ. ಮಧ್ಯೆ ಒಂದು ಸಲ ಅಕ್ಕ ಕಣ್ಣು ತೆರೆದಳು, ಅವನ ಮುಖವನ್ನು ಕಂಡಳು, ರೆಪ್ಪೆ ಒಮ್ಮೆ ಮಿಟುಕಿಸಿದಳು. ಹಲಗೆ ಮನೆಯಲ್ಲೇ ಉಳಿದಿತ್ತು. ಅವಳು ಯಾವ ಅಕ್ಷರ ಶುರುಮಾಡಿದ್ದಳೋ ತಿಳಿಯಲಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎರಡು ಉಸಿರಿನ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಮುಂದಿನದಕ್ಕೆ ಅವನು ಕಾಯುತ್ತಲೇ ಇದ್ದ. ಹೆಂಡತಿ ಅವನ ಬೆನ್ನ ಮೇಲೆ ಕೈ ಇಟ್ಟ ಮೇಲೆ, ಇನ್ನು ಕಾಯಬೇಕಾಗಿಲ್ಲ ಎಂದು ಗೊತ್ತಾಯಿತು.

ಎಲ್ಲ ಮುಗಿದು, ಅಕ್ಕನ ಮನೆಗೆ ಬೀಗ ಹಾಕಿ, ಇಬ್ಬರೂ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಇಳಿಬಿಸಿಲು. ಬಸ್ಸು ಅರ್ಧ ಖಾಲಿಯಿತ್ತು. ಹೆಂಡತಿ ಕಿಟಕಿಯ ಕಡೆ ಕೂತು, ಬಹಳ ಹೊತ್ತು ಹೊರಗೆ ನೋಡುತ್ತಿದ್ದವಳು, ತಿರುಗದೆಯೇ ಮಾತಾಡಿದಳು.

"ಬೇಡ ಅನ್ನೋವಾಗ ನನಗೆ ಬೇಕು ಅನ್ನಿಸ್ತಾ ಇತ್ತು ರೀ. ಇನ್ನೆರಡು ತಿಂಗಳಾದರೂ ಇರಲಿ ಅಂತ. ಅವರಿಗೆ ಗೊತ್ತಾಯ್ತೇನೋ."

ಗೊತ್ತಾಗಿರುತ್ತೆ ಎಂದು ಅವನು ಹೇಳಿದ. ಅದು ಸಮಾಧಾನದ ಮಾತಲ್ಲವೆಂದು ಅವಳಿಗೂ ತಿಳಿಯಿತು. ಬಸ್ಸು ನಿಂತು, ಯಾರೋ ಹತ್ತಿ, ಮತ್ತೆ ಹೊರಟಿತು.

"ನಿಮಗೆ ನನ್ನ ಮೇಲೆ ಸಿಟ್ಟಿದೆಯಾ?"

ಇಲ್ಲ ಎನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಗೆ ಬಂತು. ಅದನ್ನು ತಡೆದು ಒಳಗೆಲ್ಲ ಹುಡುಕಿದ. ಬರಿದಾದ ಮನೆಯಲ್ಲಿ ಹುಡುಕಿದ ಹಾಗೆ, ಬೇಗ ಸಿಕ್ಕಿತು.

"ಇದೆ," ಎಂದ. "ಸ್ವಲ್ಪ ಇದೆ."

ಅವಳು 'ಹೂಂ' ಎಂದಳು. ಆಮೇಲೆ ತಲೆಯನ್ನು ಅವನ ಭುಜಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡಳು.

"ಇರಲಿ ಬಿಡಿ," ಎಂದಳು. "ನನಗೂ ನನ್ನ ಮೇಲೆ ಇದೆ."